ಹೊಟ್ಟೆಗೆ, ಹೊಟ್ಟೆಯಲ್ಲಿ

ಆ ಹಲಗೆಯ ಗೂಡಿನಲ್ಲಿ ನಾವು ಮೂರು ಜನ ಇದ್ದೆವು. ಕಂಪ್ಯೂಟರಿನ ಎದುರಿಗೆ ಕುರ್ಚಿಯಲ್ಲಿ ನನ್ನ ಗಂಡ, ಪಕ್ಕದ ಸ್ಟೂಲಿನ ಮೇಲೆ ನಾನು, ಹಿಂದೆ ಹಲಗೆಗೆ ಒರಗಿ ನಿಂತ, ಸೈಬರ್ ಕೆಫೆ ನಡೆಸುವ ಕೊಂಕಣಿ ಹೆಂಗಸು; ಎಲ್ಲರೂ ಅವಳನ್ನು ಬಾಯಿ ಎಂದೇ ಕರೆಯುತ್ತಿದ್ದರು. ಕಾರವಾರದ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿಯ ಮೇಲಿತ್ತು ಆ ಕೆಫೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಫ್ಯಾನು ತಿರುಗುವಾಗ ಕೆಳಗಿನ ಹೊಲಿಗೆ ಮೆಷಿನ್ನು ಕೇಳುತ್ತಿರಲಿಲ್ಲ, ಕರೆಂಟು ಹೋದರೆ ಅದೊಂದೇ ಕೇಳುತ್ತಿತ್ತು.

"ಎಂತ ಹುಡುಕ್ಬೇಕು ಸಾಹೇಬ್ರೆ?" ಬಾಯಿ ಕೇಳಿದಳು.

ನನ್ನ ಗಂಡ ಬೈತಖೋಲದ ಬಂದರಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದವರು. ಯಾವ ವಿಷಯವನ್ನೂ ಗಂಟಲು ಸರಿಮಾಡಿಕೊಳ್ಳದೆ ಹೇಳುವವರಲ್ಲ.

"ಕ್ಷಮೆ ಮಾಡೂಕೆ ಕಲಿಸುವ ಡಾಕ್ಟರು ಬೇಕಾಗಿತ್ತು. ಇಂಟರ್‌ನೆಟ್ಟಲ್ಲಿ ಸಿಗ್ತಾರಂತೆ, ಪೇಪರಲ್ಲಿ ಬಂದಿತ್ತು."

"ಯಾರಿಗೆ?"

ಗಂಡ ಹೆಬ್ಬೆರಳಲ್ಲಿ ನನ್ನನ್ನು ತೋರಿಸಿದರು. ರೇಶನ್ ಅಂಗಡಿಯಲ್ಲಿ ನಮ್ಮ ಚೀಲ ಇದೇ ಎಂದು ತೋರಿಸುತ್ತಾರಲ್ಲ, ಹಾಗೆ.

ಇಲ್ಲಿಯವರೆಗೆ ಯಾಕೆ ಬಂದೆವು ಎನ್ನುವುದನ್ನು ಮೊದಲು ಹೇಳಬೇಕು. ನನ್ನ ತವರು ಅಂಕೋಲೆಯ ಒಳಗಡೆ, ಹಿಲ್ಲೂರು. ಅಣ್ಣ ಅಲ್ಲೇ ಬೇಸಾಯ ಮಾಡಿಕೊಂಡಿದ್ದ. ನಾನು ಕಾರವಾರದಲ್ಲಿ ಕನ್ನಡ ಶಾಲೆಯ ಟೀಚರು. ಅವ್ವಿ ಹಾಸಿಗೆ ಹಿಡಿದ ಮೇಲೆ ಪ್ರತಿ ಭಾನುವಾರ ಎರಡು ಬಸ್ಸು ಹತ್ತಿ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದೆ. ಅವಳು ಹೋದದ್ದು ಭಾನುವಾರವಲ್ಲ. ಹಿಂದಿನ ಸಂಜೆಯಿಂದಲೇ ಉಸಿರು ಏರಿಳಿಯುತ್ತಿತ್ತಂತೆ. ಅಣ್ಣ ಒಬ್ಬನಿಗೆ ಮೋಟರ್‌ಸೈಕಲ್ ಕೊಟ್ಟು ರಾಮನಗುಳಿಗೆ ಓಡಿಸಿ ಸೋದರಮಾವನನ್ನು ಕರೆಸಿದ. ಕಾರವಾರಕ್ಕೆ ಸುದ್ದಿ ಬರಲಿಲ್ಲ. ಮರುದಿನ ಮಧ್ಯಾಹ್ನ ಅಂಕೋಲೆಯ ಪರಿಚಯದವರೊಬ್ಬರು ಶಾಲೆಗೆ ಫೋನು ಮಾಡಿ, "ಟೀಚರ್ ಇನ್ನೂ ಅಲ್ಲೇ ಇದ್ದಾರಾ?" ಎಂದು ಕೇಳಿದರು. ಆ "ಇನ್ನೂ" ಎನ್ನುವ ಶಬ್ದದಿಂದಲೇ ನನಗೆ ಗೊತ್ತಾಯಿತು. ನಾನು ಮುಟ್ಟುವ ಹೊತ್ತಿಗೆ ಸುಟ್ಟಾಗಿತ್ತು.

ನಮ್ಮಲ್ಲಿ ಜೀವ ಹೋಗುವಾಗ ಮಕ್ಕಳು ಬಾಯಿಗೆ ತುಳಸಿ ನೀರು ಬಿಡಬೇಕು. ಅದೊಂದಕ್ಕಾಗಿಯೇ ಮಕ್ಕಳನ್ನು ಹೆರುವುದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅವ್ವಿಯ ಬಾಯಿಗೆ ಮಾವ ಬಿಟ್ಟ, ಅಣ್ಣ ಬಿಟ್ಟ, ಅತ್ತಿಗೆ ಬಿಟ್ಟಳು, ಪಕ್ಕದ ಮನೆಯವರೂ ಬಿಟ್ಟರು. ಬಿಸಿಲಿನಲ್ಲಿ ಬಂದು ಜಗಲಿಯಲ್ಲಿ ಬಿದ್ದುಕೊಂಡ ನನಗೆ ಅತ್ತಿಗೆ ತಂಬಿಗೆಯಲ್ಲಿ ನೀರು ತಂದಳು. ನಾನು ಎಲ್ಲರೆದುರಿಗೇ ಹೇಳಿದೆ: "ಅವ್ವಿ ಬಾಯಿಗೆ ನನ್ನ ಕೈಯ ನೀರು ಇಲ್ಲ. ಈ ಮನೆಯ ನೀರು ನನ್ನ ಬಾಯಿಗೆ ಬೇಡ."

ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದ್ದಕ್ಕೆ ನೆಲ ನೋಡಿದ. ಅಷ್ಟೇ. ಹನ್ನೆರಡನೆಯ ದಿನಕ್ಕೆ ನಾನು ಕಾರವಾರದ ನಲ್ಲಿ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದೆ. ಆಮೇಲೆ ಹೋಗುವುದನ್ನೇ ಬಿಟ್ಟೆ. ಪ್ರತಿ ಬೇಸಿಗೆಯಲ್ಲೂ ಅಣ್ಣನಿಂದ ಬಸ್ಸಿನಲ್ಲಿ ಒಂದು ಬುಟ್ಟಿ ಇಶಾಡು ಮಾವಿನಹಣ್ಣು ಬರುತ್ತಿತ್ತು, ಜೊತೆಗೆ ಒಂದು ಮಾತೂ ಇಲ್ಲ. ನಾನು ಅಕ್ಕಪಕ್ಕದವರಿಗೆ ಹಂಚುತ್ತಿದ್ದೆ. ಗಂಡ ಮಾತ್ರ ಹಿತ್ತಲ ಕಟ್ಟೆಯ ಮೇಲೆ ಕೂತು ಮೊಣಕೈವರೆಗೆ ರಸ ಸುರಿಸಿಕೊಂಡು ತಿನ್ನುತ್ತಿದ್ದರು. "ನೀನು ನೀರು ಬೇಡ ಅಂದಿದ್ದು ಮಾರಾಯ್ತಿ. ಹಣ್ಣು ಬೇಡ ಅನ್ಲಿಲ್ಲವಲ್ಲ!"

ಹೀಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಅಣ್ಣನ ಮಗಳಿಗೆ ಮದುವೆ ನಿಕ್ಕಿಯಾಯಿತು. ಅತ್ತಿಗೆ ಫೋನು ಮಾಡಿದಳು.

"ತಂಗೀ, ಸೋದರತ್ತೆ ನೀನು. ನೀನಿಲ್ದೆ ಹುಡುಗಿಗೆ ಅರಿಶಿನ ಹಚ್ಚೂದು ಯಾರು? ಹಿಂದಿನದೆಲ್ಲ ಹೊಟ್ಟೆಗೆ ಹಾಕ್ಕೊಂಡು ಬಾ. ನಿನ್ನ ಅಣ್ಣನೂ ಅದನ್ನೇ ಹೇಳ್ತಾ ಇದ್ರು."

"ಎಲ್ಲಿ, ಅವನ ಹತ್ರ ಕೊಡು."

"ಇಲ್ಲೇ ನಿಂತಿದ್ರು. ಈಗ ಕೊಟ್ಟಿಗೆ ಬದಿಗೆ ಹೋದ್ರು."

ಆ ಹುಡುಗಿಯನ್ನು ಕಂಕುಳಲ್ಲಿ ಎತ್ತಿ ಆಡಿಸಿದವಳು ನಾನು. ಹೋಗದೆ ಇರಲಾರೆ. ಹೋದರೆ ಬಾಟಲಿ ಹಿಡಿದುಕೊಂಡು ಚಪ್ಪರದಲ್ಲಿ ಕೂರಲಾರೆ, ಬೀಗರು ಏನೆಂದುಕೊಂಡಾರು? ಬಾಟಲಿ ಬಿಟ್ಟು ಹೋದರೆ ಆ ತಂಬಿಗೆಯನ್ನು ಎತ್ತಲಾರೆ. ಒಂದು ದಿನ ನಮ್ಮ ಮನೆಯ ಅಡುಗೆಕೋಣೆಯಲ್ಲೇ ಪರೀಕ್ಷೆ ಮಾಡಿ ನೋಡಿದೆ. ತಂಬಿಗೆಯಲ್ಲಿ ನೀರು ತುಂಬಿ, ಇದು ಹಿಲ್ಲೂರಿನ ಬಾವಿಯದು ಎಂದುಕೊಂಡು ಎತ್ತಿದೆ. ನಮ್ಮದೇ ನಲ್ಲಿಯ ನೀರು, ಗಂಟಲಲ್ಲಿ ಇಳಿಯಲಿಲ್ಲ. ಅದನ್ನು ಕಂಡೇ ಗಂಡ ಪೇಪರಿನ ಸುದ್ದಿ ಹುಡುಕಿ ತೆಗೆದು ನನ್ನನ್ನು ಕೆಫೆಗೆ ಎಳೆದುಕೊಂಡು ಹೋದದ್ದು.

ಬಾಯಿ ಕ್ಷಮೆಯ ಇಂಗ್ಲಿಷ್ ಶಬ್ದ ಹೊಡೆದಳು. ಎಲ್ಲೆಲ್ಲಿಯದೋ ಪ್ರಾರ್ಥನೆಗಳು, ಸೂರ್ಯ ಮುಳುಗುವ ಚಿತ್ರಗಳು ಬಂದವು. ಬಹಳ ಹೊತ್ತಿನ ಮೇಲೆ ಒಬ್ಬ ಹೆಂಗಸಿನ ಫೋಟೋ ತೆರೆದುಕೊಂಡಿತು. ಕತ್ತರಿಸಿದ ಬಿಳಿ ಕೂದಲು, ಹತ್ತಿ ಸೀರೆ. ಯಾವುದೋ ದೊಡ್ಡ ಊರಿನ ಥೆರಪಿಸ್ಟ್. ನೋಯಿಸಿದವರನ್ನು ಕ್ಷಮಿಸಲಾಗದೆ ಕಷ್ಟಪಡುವವರು ಈ-ಮೇಲಿನಲ್ಲಿ ಬರೆಯಬಹುದು ಎಂದಿತ್ತು.

"ಇವರ ಮುಖ ನಿಮ್ಮ ಸೋದರತ್ತೆಯ ಹಾಗೆ ಉಂಟು," ಎಂದೆ.

"ಹಾಗಾದ್ರೆ ಬೇಡ, ಬೇರೆಯವರ್ನ ನೋಡುವ," ಎಂದರು ಗಂಡ. ಬಾಯಿ ಬಿದ್ದು ಬಿದ್ದು ನಕ್ಕಳು. ಕೊನೆಗೆ ಅವರಿಗೇ ಬರೆಯುವುದು ಎಂದಾಯಿತು.

ನನಗೆ ಇಂಗ್ಲಿಷಿನಲ್ಲಿ ಬರೆಯಲು ಬಾರದು, ಆ ಕಂಪ್ಯೂಟರಿಗೆ ಕನ್ನಡ ಬಾರದು. ಹಾಗಾಗಿ ನನ್ನ ದುಃಖವೆಲ್ಲ ಗಂಡನ ಬೆರಳಿನಿಂದಲೇ ದಾಟಬೇಕಾಯಿತು. ಅವರು ಹಳೆಯ ಟೈಪ್‌ರೈಟರಿಗೆ ಹೊಡೆದಂತೆ ಕೀಲಿಗಳನ್ನು ಕುಟ್ಟುತ್ತಿದ್ದರು. ಬಂದರು ಕಚೇರಿಯ ಪತ್ರದ ಹಾಗೆ ಮೇಲೆ ವಿಷಯ, ಕೆಳಗೆ ಉಲ್ಲೇಖ. ವಿಷಯ: ಅಣ್ಣನನ್ನು ಕ್ಷಮಿಸುವ ಬಗ್ಗೆ. ನಾನು ಅಳುತ್ತಾ ಹೇಳಿದ್ದೆಲ್ಲ ಅವರ ಕೈಯಲ್ಲಿ ಎಂಟು ಸಾಲು ಆಯಿತು. ಕೊನೆಯ ಸಾಲನ್ನು ಅವರೇ ಜೋರಾಗಿ ಓದಿ ಅರ್ಥ ಹೇಳಿದರು: ಮದುವೆ ಹತ್ತಿರ ಬಂದಿರುವುದರಿಂದ ಅದಕ್ಕೆ ಮುಂಚಿತವಾಗಿ ಅಗತ್ಯ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.

"ನನ್ನ ಅವ್ವಿ ವಿಷಯ ಎಲ್ಲಿ ಹೋಯ್ತು?"

"ಎರಡನೇ ಪ್ಯಾರಾದಲ್ಲಿ ಉಂಟು."

ಉತ್ತರ ಬಂತು, ಒಳ್ಳೆಯ ಉತ್ತರವೇ. ಅಣ್ಣನನ್ನು ನೆನೆದಾಗ ನಿಮಗೆ ಏನಾಗುತ್ತದೆ, ನಿಮ್ಮದೇ ಮಾತಿನಲ್ಲಿ ಹೇಳಿ ಎಂದು ಕೇಳಿದ್ದರು. ನನ್ನದೇ ಮಾತಿನಲ್ಲಿ ಹೇಳಿದೆ. ಎಲ್ಲರೂ ಹೊಟ್ಟೆಗೆ ಹಾಕ್ಕೋ ಅಂತಾರೆ, ನನಗೆ ಹೊಟ್ಟೆಗೆ ಹಾಕಿಕೊಳ್ಳಲು ಬರುತ್ತಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಂಡೇ ಇದ್ದೇನೆ, ಎಂದೆ. ಗಂಡ ತಲೆ ಕೆರೆದುಕೊಂಡು, ಕುಟ್ಟಿ, ಕಳಿಸಿದರು.

ಮುಂದಿನ ವಾರ ಹೋದಾಗ ಡಾಕ್ಟರಮ್ಮ ಬಹಳ ಕಾಳಜಿಯಿಂದ ಬರೆದಿದ್ದರು. ಹೊಟ್ಟೆ ನೋವು ಎಷ್ಟು ಕಾಲದಿಂದ ಇದೆ, ಊಟ ಸೇರುತ್ತದೆಯೇ, ಊರಿನ ವೈದ್ಯರಿಗೆ ತೋರಿಸಿದ್ದೀರಾ? ಹೊಟ್ಟೆಗೆ ಏನನ್ನೂ ಹಾಕಿಕೊಳ್ಳಲೇಬೇಡಿ, ಹಾಗೆ ಹಾಕಿಕೊಳ್ಳಿ ಎಂದು ಹೇಳುವವರು ನಿಮಗೆ ಒಳ್ಳೆಯದು ಮಾಡುತ್ತಿಲ್ಲ, ಎಲ್ಲವನ್ನೂ ಹೊರಗೆ ಹಾಕಿ.

"ನೀವು ಎಂತ ಬರೆದ್ರಿ?" ಎಂದು ಕೇಳಿದೆ.

"ನೀನು ಹೇಳಿದ್ದನ್ನೇ. ಹೊಟ್ಟೆ, ಹೊಟ್ಟೆ. ಎರಡೂ ಒಂದೇ ಹೊಟ್ಟೆ ಅಲ್ವಾ?"

ಒಂದೇ ಅಲ್ಲ. ಅಜ್ಜಿ ಅಕ್ಕಿ ಕೇರುತ್ತ ಕೂತಾಗ ನಮಗೆ ಹೇಳಿಕೊಟ್ಟ ಮಾತು ಅದು. ಹೊಟ್ಟೆಗೆ ಹಾಕಿಕೊಂಡದ್ದು ಕರಗುತ್ತದೆ, ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಕೊಳೆಯುತ್ತದೆ. ಮಕ್ಕಳ ತಪ್ಪು, ನೆಂಟರ ಮಾತು ಎಲ್ಲ ಹೊಟ್ಟೆಗೆ ಹಾಕಿಕೊಂಡು ಹೋದವಳು ಅವಳು. ಯಾರನ್ನೂ ಒಮ್ಮೆಯೂ "ಕ್ಷಮಿಸಿದೆ" ಎಂದವಳಲ್ಲ. ಹಾಗೆ ಹೇಳಿದ್ದರೆ ಇವಳೇನು ಪೌರಾಣಿಕ ನಾಟಕ ಆಡುತ್ತಾಳೆ ಎಂದು ನಗುತ್ತಿದ್ದರು. ನಮ್ಮಲ್ಲಿ ತಪ್ಪು ಮಾಡಿದವನೂ ಕ್ಷಮಿಸು ಎನ್ನುವುದಿಲ್ಲ. ಕೊಟ್ಟಿಗೆ ಬದಿಗೆ ಹೋಗುತ್ತಾನೆ.

ಗಂಡ ಇದನ್ನು ತಿದ್ದಿ ಬರೆಯಲು ಕೂತರು. ಬರೆದರು, ಅಳಿಸಿದರು. ಬಾಯಿಯನ್ನೂ ಕರೆದರು. ಅವಳು ಕೊಂಕಣಿಯಲ್ಲಿ ಎರಡು ಸಲ ಹೇಳಿಕೊಂಡು ನೋಡಿ, "ನಮ್ಮಲ್ಲಿ ತಿಳೀತದೆ ಟೀಚರ್, ಇದಕ್ಕೆ ಹೇಳೂಕೆ ಆಗೂದಿಲ್ಲ," ಎಂದು ಕಂಪ್ಯೂಟರನ್ನು ತೋರಿಸಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಹೊಲಿಗೆ ಮೆಷಿನ್ನು ಕೇಳುತ್ತಾ ಮೂವರೂ ಕೂತೆವು. ಒಂದು "ಗೆ"ಯನ್ನು, ಒಂದು "ಯಲ್ಲಿ"ಯನ್ನು ಆಚೆ ದಾಟಿಸಲಾಗದೆ ನಾನು ಸೆರಗಿನಲ್ಲಿ ಗಾಳಿ ಹಾಕಿಕೊಂಡೆ. ಆ ಹೆಂಗಸು ಎಲ್ಲೋ ಕೂತು ನನಗೆ ಸಹಾಯ ಮಾಡಬೇಕೆಂದು ನಿಜವಾಗಿಯೂ ಬಯಸುತ್ತಿದ್ದಳು. ಅದನ್ನು ನೆನೆದರೆ ಇನ್ನೂ ಸಂಕಟವಾಗುತ್ತಿತ್ತು.

ಡಾಕ್ಟರಮ್ಮ ಒಂದು ಉಪಾಯವನ್ನೂ ಬರೆದಿದ್ದರು. ಎದುರಿಗೆ ಖಾಲಿ ಕುರ್ಚಿ ಇಟ್ಟುಕೊಳ್ಳಿ, ಅದರಲ್ಲಿ ಅಣ್ಣ ಕೂತಿದ್ದಾನೆ ಎಂದುಕೊಂಡು ಹೇಳಬೇಕಾದದ್ದನ್ನು ಹೇಳಿ. ಒಂದು ಸಂಜೆ ಇಟ್ಟೆ. ಖಾಲಿ ಕುರ್ಚಿಯನ್ನು ನೋಡಿದಷ್ಟೂ ಅದರ ಸಡಿಲಾದ ಬೆತ್ತವೇ ಕಾಣುತ್ತಿತ್ತು. ಗಂಡ ಚಹದ ಲೋಟ ಹಿಡಿದು ಬಂದು ಅದರಲ್ಲಿ ಕೂತುಬಿಟ್ಟರು.

"ಹೇಳು. ನಾನೇ ನಿನ್ನ ಅಣ್ಣ."

"ಏಳಿ, ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲ. ಹೇಳು ತಂಗಿ."

ಆ "ತಂಗಿ" ಕೇಳಿದ್ದೇ ಸಾಕಾಯಿತು. "ರಾಮನಗುಳಿಗೆ ಗಾಡಿ ಓಡಿಸೂಕೆ ಆಯ್ತು ನಿಂಗೆ. ಕಾರವಾರಕ್ಕೆ ಒಂದು ಫೋನು ಆಗ್ಲಿಲ್ಲ? ಅವ್ವಿ ನನ್ನ ಕೇಳಿರ್ಲಿಕ್ಕಿಲ್ವಾ? ಬಾಗಿಲು ನೋಡಿರ್ಲಿಕ್ಕಿಲ್ವಾ?" ಏನೇನು ಹೇಳಿದೆನೋ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡ ಸದ್ದು ಕೇಳಿಸಿತು. ಗಂಡ ಲೋಟ ಕೆಳಗಿಟ್ಟರು. ನೆಲ ನೋಡಿದರು, ಅಣ್ಣನ ಹಾಗೆಯೇ. ಆಮೇಲೆ ಸಣ್ಣ ದನಿಯಲ್ಲಿ, "ಆಗ ನಿನ್ನ ನೆನಪೇ ಆಗ್ಲಿಲ್ಲ ತಂಗಿ," ಎಂದರು.

ಸಿಟ್ಟು, ಹಟ, ಹಳೆಯ ಜಗಳ, ಎಲ್ಲ ಕಾರಣಗಳನ್ನೂ ನಾನು ಅಣ್ಣನಿಗೆ ಹೊರಿಸಿ ನೋಡಿದ್ದೆ. ಇದನ್ನು ಹೊರಿಸಿರಲಿಲ್ಲ.

"ಅವನು ನಿಮ್ಮ ಹತ್ರ ಹೀಗೆ ಹೇಳಿದ್ನಾ?"

"ಇಲ್ಲ ಮಾರಾಯ್ತಿ. ಬಾಯಿಗೆ ಬಂತು, ಹೇಳಿದೆ."

ಅದು ನಿಜವೋ, ನನ್ನ ಮುಖ ನೋಡಿ ಹಿಂದೆ ಸರಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬೇಕೆಂದೇ ಮಾಡಿದವನ ಮೇಲೆ ಸಿಟ್ಟು ನಿಲ್ಲುತ್ತದೆ. ತಾಯಿ ಸಾಯುವ ಗಡಿಬಿಡಿಯಲ್ಲಿ ಒಬ್ಬ ತಂಗಿ ಇದ್ದಾಳೆ ಎನ್ನುವುದನ್ನೇ ಮರೆತವನನ್ನು ಏನು ಮಾಡುವುದು? ಅವತ್ತು ಅನ್ನ ಸೀದುಹೋಯಿತು, ಇಬ್ಬರೂ ಅವಲಕ್ಕಿ ತಿಂದು ಮಲಗಿದೆವು.

ಡಾಕ್ಟರಮ್ಮನ ಕೊನೆಯ ಪತ್ರ ಮದುವೆಯ ಹಿಂದಿನ ವಾರ ಬಂತು. ನೀವು ಕ್ಷಮಿಸಲೇಬೇಕು ಎಂದೇನೂ ಇಲ್ಲ, ನಿಮ್ಮ ಮನಸ್ಸು ಸಿದ್ಧವಾಗುವವರೆಗೆ ಯಾರೂ ನಿಮ್ಮನ್ನು ಒತ್ತಾಯಿಸುವ ಹಾಗಿಲ್ಲ ಎಂದು ಬರೆದಿದ್ದರು.

ಗಂಡನಿಗೆ ಸಂತೋಷವೋ ಸಂತೋಷ. "ಮುಗೀತಲ್ಲ! ಬೇಕಾಗಿಲ್ಲ ಅಂತ ಡಾಕ್ಟರೇ ಬರೆದು ಕೊಟ್ರು."

"ಹಾಗಾದ್ರೆ ನೀರು?"

ಅವರು ಆ ಪ್ರಶ್ನೆಯನ್ನು ಬರೆಯಲಿಲ್ಲ. ಧನ್ಯವಾದ ಹೇಳಿ ಒಂದು ಸಾಲು ಕಳಿಸಿ ಎದ್ದು ಬಂದೆವು. ಮೆಟ್ಟಿಲು ಇಳಿಯುವಾಗ ಬಾಯಿ ಮೇಲಿನಿಂದ ಕೂಗಿ ಕೇಳಿದಳು, "ಟೀಚರ್, ಆಯ್ತಾ?" ಗಂಡ "ಆಗ್ತಾ ಉಂಟು," ಎಂದರು.

ಅರಿಶಿನದ ದಿನ ಹಿಲ್ಲೂರಿಗೆ ಹೋದೆವು. ಬಾಟಲಿಯ ನೀರು ಅಂಕೋಲೆ ದಾಟುವುದರೊಳಗೆ ಖಾಲಿಯಾಗಿತ್ತು, ಅಂಥ ಸೆಕೆ. ಅಂಗಳದಲ್ಲಿ ಚಪ್ಪರ, ಚಪ್ಪರದಲ್ಲಿ ರಾಮನಗುಳಿಯ ಮಾವನ ಮನೆಯವರೆಲ್ಲ ಕೂತಿದ್ದರು. ಅಣ್ಣ ಕಂಬದ ಬಳಿ ಇದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅತ್ತಿಗೆ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದು ನನ್ನೆದುರು ನಿಂತಳು. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡೆ. ತಂಬಿಗೆಗೆ ಕೈ ಚಾಚಿದೆ, ಬೆರಳು ಅಂಚಿಗೆ ತಗುಲಿತು, ಎತ್ತಲಾಗಲಿಲ್ಲ. ಅಣ್ಣ ಎದ್ದು ಹಿತ್ತಲಿಗೆ ಹೋದ. ಮತ್ತೆ ಕೊಟ್ಟಿಗೆ ಬದಿಗೆ ಹೋದ ಎಂದುಕೊಂಡೆ.

ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಮೂತಿ ಕೊಚ್ಚಿದ ಎಳನೀರು ಹಿಡಿದುಕೊಂಡು ಬಂದ. ನನ್ನೆದುರು ಹಿಡಿದ.

"ಇದು ಮನೇದಲ್ಲ, ಮರದ್ದು," ಎಂದ.

ತೆಗೆದುಕೊಂಡು ಕುಡಿದೆ. ಅರ್ಧ ಹೋಯಿತು, ಮುಂದಕ್ಕೆ ಇಳಿಯಲಿಲ್ಲ. ಬುರುಡೆಯನ್ನು ಜಗಲಿಯ ಮೇಲೆ ಇಟ್ಟೆ. ಅಣ್ಣ ನನ್ನ ಪಕ್ಕದಲ್ಲಿ ಕೂತು, ಅದನ್ನು ಎತ್ತಿ, ನನ್ನ ಎಂಜಲನ್ನು ಕೊನೆಯವರೆಗೆ ಕುಡಿದ. ಅತ್ತಿಗೆ ತಂಬಿಗೆಯನ್ನು ಒಳಗೆ ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅರಿಶಿನಕ್ಕೆ ಕರೆದರು. ನಾನು ಎದ್ದು ಹೋದೆ.