ಎರಡು ಸಾಕು ಸರ್

ಅರ್ಜಿ ಎರಡೇ ಸಾಲಿನದು. ‘ನನ್ನ ಪ್ರಾಜೆಕ್ಟ್ ಓಡುತ್ತಿಲ್ಲ. ಪ್ರೋಗ್ರಾಮಿಂಗ್ ನನಗೆ ಬರುವುದಿಲ್ಲವೆಂದು ಗೊತ್ತಾಗಿದೆ, ಆದ್ದರಿಂದ ಬರೇ ಪ್ರಬಂಧ ಬರೆದುಕೊಡಲು ಅನುಮತಿ ಕೊಡಬೇಕು.’ ಒಂದು ಗುರುವಾರ ಯಲ್ಲಾಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೊನೆಯ ವರ್ಷದ ಹುಡುಗಿಯೊಬ್ಬಳು ಅದನ್ನು ನನ್ನ ಮೇಜಿನ ಮೇಲಿಟ್ಟು ನಿಂತಳು. ಪ್ರಾಜೆಕ್ಟು ನೋಡಲು ಹೊರಗಿನ ಪರೀಕ್ಷಕರು ಬರುವುದು ಸೋಮವಾರ. ಪ್ರಬಂಧ ಬರೆದವರು ಪಾಸಾಗುತ್ತಾರೆ, ಅಷ್ಟೇ. ಇದೇ ವಿಷಯ ಮುಂದೆ ಓದಬೇಕೆಂಬ ಅವಳ ಆಸೆಗೆ ನನ್ನ ಒಂದು ಸಹಿಯಿಂದ ಎಳ್ಳುನೀರು ಬಿಟ್ಟ ಹಾಗೆ.

“ಶನಿವಾರ ನಾಲ್ಕು ಗಂಟೆಗೆ ಬಾ, ನೋಡೋಣಂತ. ಈಗ ಹೋಗವಾ” ಎಂದು ಅರ್ಜಿಯನ್ನು ಡ್ರಾಯರಿಗೆ ಹಾಕಿದೆ.

ನಾನು ಹಾವೇರಿ ಕಡೆಯವನು, ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಕುತೂಹಲ ಜಾಸ್ತಿ, ಸೊಕ್ಕು ಅದಕ್ಕಿಂತ ಒಂದು ಮುಷ್ಟಿ ಜಾಸ್ತಿ. ಆ ವರ್ಷದ ಮೊದಲಲ್ಲಿ ಎರಡು ಹಳೆಯ ಸರ್ವರ್‌ಗಳನ್ನು ನಾನೇ ಒರೆಸಿ, ಜೋಡಿಸಿ, ಹೋಸ್ಟುಗಳಾಗಿ ಮಾಡಿದ್ದೆ. ಅಂದರೆ ಒಂದೊಂದು ಸರ್ವರ್‌ನೊಳಗೂ ಸಾಫ್ಟ್‌ವೇರಿನಿಂದಲೇ ಒಂಬತ್ತೊಂಬತ್ತು ಕಂಪ್ಯೂಟರ್ ಹುಟ್ಟಿಸಿ, ಹದಿನೆಂಟು ವಿದ್ಯಾರ್ಥಿಗಳಿಗೆ ಹಂಚಿದ್ದೆ. ಕೈಯಿಂದ ಮುಟ್ಟಲು ಬಾರದ, ಆದರೆ ತನ್ನದೇ ಡಿಸ್ಕು, ತನ್ನದೇ ಪಾಸ್‌ವರ್ಡ್ ಇರುವ ಕಂಪ್ಯೂಟರುಗಳು. ಮೊದಲ ದಿನ ಎಲ್ಲರೂ ಸರ್ವರ್‌ನ ಹಿಂದೆ ಹೋಗಿ, ನನ್ನದು ಇದರಲ್ಲಿ ಎಲ್ಲಿದೆ ಎಂದು ಇಣುಕಿದ್ದರು. ನಗಾಡಿ ಓಡಿಸಿದೆ. ಓದುವ ಕಾಲದಲ್ಲಿ ನಾನೂ ಹಾಗೇ ಇಣುಕಿದವನೇ.

ಹಂಚುವುದೇ ಕಷ್ಟದ ಕೆಲಸ. ಹೋಸ್ಟಿನ ಮೆಮೊರಿ ಅಂದರೆ ಒಂದೇ ಕೊಪ್ಪರಿಗೆಯ ಅನ್ನ, ಒಬ್ಬನಿಗೆ ಹೆಚ್ಚು ಬಿದ್ದರೆ ಇನ್ನೊಬ್ಬನಿಗೆ ಕಡಿಮೆ. ಆ ಹದಿನೆಂಟರ ಜೊತೆಗೆ ನನ್ನ ಪ್ರಯೋಗಕ್ಕೆಂದು ಅಂಥದೇ ಇನ್ನೊಂದು ಯಂತ್ರ ಮೊದಲೇ ಮಾಡಿಟ್ಟುಕೊಂಡು, ಮಿಕ್ಕದ್ದನ್ನು ಹಂಚಲು ಒಬ್ಬೊಬ್ಬರನ್ನೇ ಕರೆದು ಎಷ್ಟು ಬೇಕೆಂದು ಕೇಳಿದೆ. ಪೇಟೆಯ ಹುಡುಗರು ಎಂಟು ಜಿಬಿ, ಹತ್ತು ಜಿಬಿ ಎಂದರು. ಬೈದು ನಾಲ್ಕು ನಾಲ್ಕು ಕೊಟ್ಟೆ. ಮಿಕ್ಕವರೂ ಅವರನ್ನು ನೋಡಿ ನಾಲ್ಕಕ್ಕೇ ಬಂದು ನಿಂತರು. ಅರಬೈಲ್ ಕಡೆಯಿಂದ ಬಸ್ಸಿನಲ್ಲಿ ಬರುವ ಈ ಹುಡುಗಿ ಮಾತ್ರ, “ಎರಡು ಸಾಕು ಸರ್” ಅಂದಳು. ಎಷ್ಟು ತಿಳಿದ ಹುಡುಗಿ ಎಂದು ಮೆಚ್ಚಿಕೊಂಡು, ಎರಡೇ ಬರೆದೆ.

ಅವಳ ಪ್ರಾಜೆಕ್ಟು ಬಸ್ಸಿನದೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಹಳ್ಳಿಯ ಬಸ್ಸುಗಳ ವೇಳೆಯನ್ನೆಲ್ಲ ತುಂಬಿಸಿ, ಇಲ್ಲಿಂದ ಅಲ್ಲಿಗೆ ಹೋಗಲು ಎಲ್ಲಿ ಇಳಿದು ಯಾವ ಬಸ್ಸು ಹತ್ತಬೇಕೆಂದು ಹೇಳುವ ಪ್ರೋಗ್ರಾಮ್. ಅವಳು ಹೋದ ಮೇಲೆ ನಾನೇ ಓಡಿಸಿ ನೋಡಿದೆ. ಅರ್ಧ ದಾರಿಯಲ್ಲಿ ನಿಂತು, ಪರದೆಯ ಮೇಲೆ ‘ಕಿಲ್ಡ್’ ಎಂಬ ಒಂದೇ ಪದ ಬಂತು. ಮೆಮೊರಿ ಮುಗಿದಾಗ ಯಂತ್ರ ತಾನಾಗಿ ಪ್ರೋಗ್ರಾಮನ್ನು ಕೊಂದುಹಾಕುವ ರೀತಿ ಅದು. ಆ ಪದವನ್ನು ಅವಳು ಮೂರು ತಿಂಗಳು ದಿನಾ ನೋಡಿದ್ದಳು.

ನನ್ನ ಸೊಕ್ಕಿನ ಬುದ್ಧಿಗೆ ಹೊಳೆದದ್ದು ಇಷ್ಟು: ಎರಡು ಸಾಕೆಂದು ಅವಳೇ ಹೇಳಿದ್ದಾಳೆ, ಎರಡರಲ್ಲಿ ಆಗುತ್ತಿಲ್ಲವೆಂದರೆ ಪ್ರೋಗ್ರಾಮಿನಲ್ಲೇ ಎಲ್ಲೋ ಮೆಮೊರಿ ಸೋರಿ ಪೋಲಾಗುತ್ತಿದೆ. ಶುಕ್ರವಾರ ಇಡೀ ದಿನ ಆ ಸೋರಿಕೆ ಹುಡುಕಿದೆ. ನಾಲ್ಕು ಸಲ ಮೊದಲಿಂದ ಬರೆದಿದ್ದಳು, ನಾಲ್ಕೂ ಪ್ರತಿ ಅಲ್ಲೇ ಇತ್ತು. ಒಂದಕ್ಕಿಂತ ಒಂದು ಚಿಕ್ಕದು, ಒಂದಕ್ಕಿಂತ ಒಂದು ಚೊಕ್ಕ. ಕೊನೆಯದರಲ್ಲಿ ಸೋರಿಕೆಯೂ ಇರಲಿಲ್ಲ, ಒಂದು ಸಾಲೂ ಹೆಚ್ಚಿಗೆ ಇರಲಿಲ್ಲ. ಇಷ್ಟು ಚೆನ್ನಾಗಿ ಬರೆಯುವವಳು ತನಗೆ ಬರುವುದಿಲ್ಲ ಎಂದು ಯಾಕೆ ಬರೆದಳು? ಮೆಮೊರಿ ಸಾಲದಿದ್ದರೆ ಬಂದು ಕೇಳಬಾರದೇ? ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ಊರಿನವನಿಗೆ ಅದು ತಲೆಗೆ ಹೋಗಲಿಲ್ಲ, ಸಿಟ್ಟೂ ಬಂತು.

ಶನಿವಾರ ಮಧ್ಯಾಹ್ನ ನಮ್ಮ ಲ್ಯಾಬಿನ ಅಟೆಂಡರರ ಮನೆಯ ಗೃಹಪ್ರವೇಶ, ವಜ್ರಳ್ಳಿಯಲ್ಲಿ. ಪಂಕ್ತಿಯಲ್ಲಿ ಕುಳಿತೆ. ಅವರೇ ಸೊಂಟಕ್ಕೆ ಶಾಲು ಬಿಗಿದು ಹೋಳಿಗೆ ಬಡಿಸುತ್ತ ಬಂದರು. ಎರಡು ತಿಂದವನು “ಸಾಕ್ರಿ” ಅಂದೆ. ಕೇಳಿಸಿಯೇ ಇಲ್ಲದವರಂತೆ ಮೂರನೆಯದು ಬಿತ್ತು.

“ಸಾಕು ಹೇಳ್ಬೇಡಿ ಸರ್, ಎಂತೂ ಉಂಡಿದ್ದೇ ಇಲ್ಲೆ ನೀವು.”

“ಸಾಕಂದ್ರ ಸಾಕ್ರಿ, ನಮ್ಮ ಮಾತಿಗೆ ಕಿಮ್ಮತ್ತಿಲ್ಲೇನು?” ಎಂದು ಸ್ವಲ್ಪ ಗಡುಸಾಗಿಯೇ ಅಂದುಬಿಟ್ಟೆ. ಪಕ್ಕದ ಎಲೆಯವರನ್ನು ನೋಡಿದೆ. ಒಮ್ಮೆ ಬೇಡವೆಂದರು, ಬಿತ್ತು, ತಿಂದರು. ಇನ್ನೊಮ್ಮೆ ಬೇಡವೆಂದರು, ಬಿತ್ತು, ತಿಂದರು. ಮೂರನೆಯ ಸಲ ಎರಡೂ ಕೈಯಿಂದ ಎಲೆ ಮುಚ್ಚಿ ಬಾಗಿದಾಗಲೇ ಅಟೆಂಡರರು ಮುಂದೆ ಹೋದದ್ದು.

ಕೈ ತೊಳೆಯುವಲ್ಲಿ ಅವರು ನಗುತ್ತ ಹೇಳಿದರು: “ಮೊದಲ್ನೇ ಸಾಕು ನಮ್ಮಲ್ಲಿ ಲೆಕ್ಕಕ್ಕಿಲ್ಲೆ ಸರ್. ಅದು ಮರ್ಯಾದಿಗೆ ಹೇಳೂದು. ಬೇಕು ಹೇಳಿ ಬಾಯಿ ಬಿಟ್ಟು ಯಾರೂ ಕೇಳ್ತ್ವಿಲ್ಲೆ. ಬಡಿಸೋರೇ ಮತ್ತೆ ಕೇಳ್ಬೇಕು.”

‘ಎರಡು ಸಾಕು ಸರ್’ ಅಂದಿದ್ದ ಹುಡುಗಿ ನೆನಪಾದಳು. ಬೈಕು ಹತ್ತಿ ಸೀದಾ ಲ್ಯಾಬಿಗೆ ಬಂದೆ.

ಅವಳ ಯಂತ್ರವಿದ್ದ ಹೋಸ್ಟಿನ ಲೆಕ್ಕ ತೆಗೆದರೆ ಮೆಮೊರಿ ಎಲ್ಲ ಹಂಚಿಹೋಗಿತ್ತು. ಎಲ್ಲಿಂದ ತೆಗೆಯಲಿ ಎಂದು ಪಟ್ಟಿಯಲ್ಲಿ ಕಣ್ಣಾಡಿಸುತ್ತ ಬಂದವನು ಎಲ್ಲಕ್ಕಿಂತ ಮೇಲಿದ್ದ ಯಂತ್ರದ ಮುಂದೆ ನಿಂತೆ. ಅದಕ್ಕೆ ಹದಿನಾರು ಜಿಬಿ ಹಾಕಿತ್ತು. ಮೂರು ತಿಂಗಳ ಗ್ರಾಫಿನಲ್ಲಿ ಒಂದು ದಿನವೂ ಮೂರರ ಮೇಲೆ ಏರಿರಲಿಲ್ಲ. ಅದು ನನ್ನದು. ಬಡಿಸಲು ನಿಂತವನು ಎಲ್ಲರಿಗಿಂತ ಮೊದಲು ತನ್ನ ಎಲೆ ತುಂಬಿಸಿಕೊಂಡು, ತಿನ್ನದೆ ಬಿಟ್ಟಿದ್ದ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅದರಿಂದ ಆರು ತೆಗೆದು ಅವಳ ಎರಡಕ್ಕೆ ಸೇರಿಸಿದೆ. ಯಂತ್ರ ಆರಿಸಿ ಮತ್ತೆ ಎಬ್ಬಿಸಲು ಎರಡು ನಿಮಿಷವೂ ಹಿಡಿಯಲಿಲ್ಲ.

ನಾಲ್ಕು ಗಂಟೆಗೆ ಅವಳು ಬಂದು, “ಅರ್ಜಿಗೆ ಸಹಿ ಆಯ್ತಾ ಸರ್?” ಅಂದಳು.

“ಒಮ್ಮೆ ಓಡಿಸಿ ತೋರಿಸು. ಆಮೇಲೆ ಸಹಿ.”

ಮನಸ್ಸಿಲ್ಲದೆ ಕುಳಿತಳು. ಅರಬೈಲಿನಿಂದ ಸಿದ್ದಾಪುರಕ್ಕೆ ಎಂದು ಬರೆದು ಎಂಟರ್ ಒತ್ತಿ, ಮುಖ ಆಚೆ ತಿರುಗಿಸಿಕೊಂಡಳು. ನೋಡಿ ನೋಡಿ ಸಾಕಾದವರ ಹಾಗೆ. ಮತ್ತೆ ಈಚೆ ತಿರುಗಿದಾಗ ಉತ್ತರ ಬಂದು ನಿಂತಿತ್ತು: ಯಲ್ಲಾಪುರದಲ್ಲೊಮ್ಮೆ, ಶಿರಸಿಯಲ್ಲೊಮ್ಮೆ ಇಳಿದು ಹತ್ತಬೇಕು.

“ಎಂತದೂ ಬದಲು ಮಾಡ್ಲಿಲ್ಲ ಸರ್ ನಾನು.”

“ನಿನ್ನ ಪ್ರೋಗ್ರಾಮು ಮೊದಲಿಂದ್ಲೂ ಸರಿ ಇತ್ತವಾ. ನಾ ಕೊಟ್ಟದ್ದ ಕಮ್ಮಿ. ತಪ್ಪು ನಂದು” ಅಂದೆ. ವಿದ್ಯಾರ್ಥಿಯೊಬ್ಬರ ಮುಂದೆ ನಾನು ಆ ಮಾತು ಆಡಿದ್ದು ಅದೇ ಮೊದಲು.

ಅವಳ ಕಣ್ಣು ತುಂಬಿತು. ಖುಷಿಗೋ, ಮೂರು ತಿಂಗಳ ಸಿಟ್ಟಿಗೋ ನನಗೆ ತಿಳಿಯಲಿಲ್ಲ. ವೇಲಿನ ತುದಿಯಿಂದ ಒರೆಸಿಕೊಂಡು, “ಈಗ ಯಾರದ್ದು ಕಮ್ಮಿ ಆಯ್ತು ಸರ್?” ಎಂದು ಕೇಳಿದಳು.

“ನಂದು. ಅದರಾಗಿಂದ ಆರು ತೆಗದು ನಿನಗ ಹಾಕೇನಿ, ಈಗ ನಿಂದು ಎಂಟು.”

“ನಿಮಗೆ ಸಾಕಾಗ್ತದಾ?”

“ಸಾಕು.”

“ಎರಡು ಬೇಕಾದ್ರೆ ವಾಪಸ್ ತಗಳಿ ಸರ್, ನಂಗೆ ಆರಿದ್ರೂ ನಡೀತದೆ.”

“ಬ್ಯಾಡವಾ, ಸಾಕು.”

“ಖರೇ ಸಾಕಾ?”

ಮೂರನೆಯ ಸಲವೂ ಸಾಕೆಂದ ಮೇಲೆಯೇ ಅವಳು ಡ್ರಾಯರಿನಲ್ಲಿದ್ದ ಅರ್ಜಿಯನ್ನು ಕೇಳಿ ತೆಗೆದುಕೊಂಡು, ಮಡಚಿ ಚೀಲಕ್ಕೆ ಹಾಕಿದ್ದು. ನಾನು ಅವಳನ್ನು ಕೇಳಿದ್ದು ಒಂದೇ ಸಲ.