ಇನ್ನೂರ ಹನ್ನೆರಡು ಮೆಟ್ಟಿಲು

ಸಮುದ್ರದ ದಂಡೆಯ ಆ ಪುಟ್ಟ ಊರಿನಲ್ಲಿ ಅವಸರ ಎಂಬುದು ಯಾರಿಗೂ ಇರಲಿಲ್ಲ, ಒಬ್ಬಳನ್ನು ಬಿಟ್ಟು. ಬೆಳಿಗ್ಗೆ ಹತ್ತಾದರೂ ಅಂಗಡಿಗಳ ಬಾಗಿಲು ಅರ್ಧವೇ ತೆರೆದಿರುತ್ತಿತ್ತು. ನಾಯಿಗಳು ರಸ್ತೆಯ ನಟ್ಟನಡುವೆ ಮಲಗುತ್ತಿದ್ದವು, ಸ್ಕೂಟರಿನವರು ಅವುಗಳ ನಿದ್ದೆ ಕೆಡಿಸದೆ ಸುತ್ತಿ ಬಳಸಿ ಹೋಗುತ್ತಿದ್ದರು. ಅಲೆಯ ಮೇಲೆ ಹಲಗೆ ಹತ್ತಿ ನಿಲ್ಲುವ ಆಟ ಕಲಿಯುತ್ತೇವೆ ಎಂದು ಎಲ್ಲೆಲ್ಲಿಂದಲೋ ಬಂದವರು ಎರಡು ದಿನ ಬಿದ್ದು ಎದ್ದು, ಮೂರನೆಯ ದಿನ ಜೋಲಿಯಲ್ಲಿ ಮಲಗಿಬಿಡುತ್ತಿದ್ದರು. ಊರಿಗೆ ಊರೇ ಹೀಗೆ ಕಾಲು ಚಾಚಿಕೊಂಡಿದ್ದರೆ, ದಂಡೆಯಿಂದ ಒಂದು ಬೀದಿ ಹಿಂದಿದ್ದ ಹನ್ನೆರಡು ಕೋಣೆಗಳ ಲಾಡ್ಜಿನಲ್ಲಿ ಪಟ್ಟಿ ಅಕ್ಕ ಬೆಳಗಿನ ಆರರಿಂದ ನಿಂತೇ ಇರುತ್ತಿದ್ದಳು.

ಪಟ್ಟಿ ಅಕ್ಕ ಎಂದು ಅವಳಿಗೆ ಹೆಸರಿಟ್ಟವನು ಲಾಡ್ಜಿನ ಮಾಲೀಕ. ಬಂದವರು ಚೀಲ ಇಳಿಸಿ ಕೇಳುವ ಮೊದಲ ಪ್ರಶ್ನೆ ಒಂದೇ: ಇಲ್ಲಿ ಏನೇನು ಮಾಡಬಹುದು? ಅವಳು ರಿಜಿಸ್ಟರಿನಿಂದ ತಲೆ ಎತ್ತದೆ, ಒಂದೇ ಉಸಿರಿನಲ್ಲಿ ಪಟ್ಟಿ ಒಪ್ಪಿಸುತ್ತಿದ್ದಳು. "ಬೆಳಿಗ್ಗೆ ಆರಕ್ಕೆ ದಂಡೆಗೆ ಹೋಗಿ, ಅಲೆ ಸಣ್ಣದಿರುತ್ತೆ, ಹೊಸಬರಿಗೆ ಒಳ್ಳೇದು. ಬಿಸಿಲೇರಿದ ಮೇಲೆ ಹೊಳೆ ಕಡೆ ದೋಣಿ ಸಿಗುತ್ತೆ. ಮಧ್ಯಾಹ್ನ ಊಟ ಮಾಡಿ ಮಲಗಿ. ನಾಲ್ಕು ಗಂಟೆಗೆ ಲೈಟ್‌ಹೌಸು. ಇನ್ನೂರ ಹನ್ನೆರಡು ಮೆಟ್ಟಿಲು, ಆದ್ರೆ ಹತ್ತಿದ್ದಕ್ಕೆ ಮೋಸ ಇಲ್ಲ. ಮೇಲಿಂದ ಮೂರು ದಂಡೆನೂ ಒಟ್ಟಿಗೆ ಕಾಣುತ್ತೆ, ಗಾಳಿ ನಿಮ್ಮನ್ನ ಎತ್ಕೊಂಡು ಹೋಗೋ ಹಾಗೆ ಬೀಸುತ್ತೆ."

ಆ ಗಾಳಿಯ ಮಾತು ಕೇಳಿದವರ ಮುಖ ಅರಳುತ್ತಿತ್ತು. ಆದರೆ ಮಾತು ಅವಳದಲ್ಲ. ಅವಳಿಗಿಂತ ಮೊದಲು ಅದೇ ಮೇಜಿನ ಹಿಂದೆ ಕೂರುತ್ತಿದ್ದ ಮುದುಕ ಮ್ಯಾನೇಜರ್ ಕೆಲಸ ಬಿಡುವಾಗ ಕೀಲಿಗೊಂಚಲಿನ ಜೊತೆಗೆ ಇದನ್ನೂ ಬಾಯಿಪಾಠ ಮಾಡಿಸಿ ಹೋಗಿದ್ದ. ಹತ್ತೊಂಬತ್ತು ವರ್ಷದಿಂದ ಅವಳು ಅದನ್ನೇ ಹೇಳುತ್ತಿದ್ದಳು.

ಪಟ್ಟಿ ಹೇಳುವುದು ಸುಲಭದ ಕೆಲಸ, ಉಳಿದದ್ದು ಹಾಗಲ್ಲ. ಹೋಗುವವರು ಹನ್ನೊಂದಕ್ಕೆ ಕೋಣೆ ಬಿಡಬೇಕು, ಬರುವವರಿಗೆ ಒಂದಕ್ಕೆ ಕೊಡಬೇಕು. ನಡುವಿನ ಎರಡು ಗಂಟೆಯಲ್ಲಿ ಅವಳೂ ಒಗೆಯುವ ಹೆಂಗಸೂ ಸೇರಿ ಹನ್ನೆರಡು ಕೋಣೆಗಳ ಮರಳನ್ನು ಹೊರಗೆ ಹಾಕಬೇಕು. ಮರಳು ಎಂದರೆ ಸಾಮಾನ್ಯವಲ್ಲ. ಹಾಸಿಗೆಯ ಮಡಿಕೆಯಲ್ಲಿ ಮರಳು, ಸಾಬೂನಿನ ಅಡಿಯಲ್ಲಿ ಮರಳು, ಬಚ್ಚಲಿನ ಕೊಳವೆಯಲ್ಲಿ ಕೂದಲಿನ ಜೊತೆ ಗಂಟಾಗಿ ಕೂತ ಮರಳು. ಅದನ್ನು ಅವಳು ಕೊಕ್ಕೆ ತಂತಿ ಬಿಟ್ಟು ಎಳೆದು ತೆಗೆಯುತ್ತಿದ್ದಳು. ಉಪ್ಪು ಗಾಳಿಗೆ ಬೀಗಗಳು ವಾರಕ್ಕೊಮ್ಮೆ ಹಟ ಹಿಡಿಯುತ್ತಿದ್ದವು, ಅವಕ್ಕೆ ಎಣ್ಣೆ ಬಿಟ್ಟು ಪುಸಲಾಯಿಸಬೇಕಿತ್ತು. ಸಂಜೆ ಹೊತ್ತಿಗೆ ಪಾದ ಬಾತು, ಚಪ್ಪಲಿಯ ಪಟ್ಟಿಯ ಗುರುತು ಚರ್ಮದಲ್ಲಿ ಕೊರೆದು ಕೂತಿರುತ್ತಿತ್ತು. ಗಾಣದೆತ್ತಿಗಾದರೂ ಒಂದು ಹೊತ್ತು ನೊಗ ಇಳಿಸುತ್ತಾರೆ, ಇವಳಿಗೆ ಅದೂ ಇಲ್ಲ.

ಗಂಡ ಲಾಡ್ಜಿನ ಹಿಂದಿನ ಶೆಡ್ಡಿನಲ್ಲಿ ಅಲೆಯ ಹಲಗೆಗಳನ್ನು ರಿಪೇರಿ ಮಾಡುತ್ತಿದ್ದ. ಬಂಡೆಗೆ ತಗುಲಿ ಮೂಗು ಮುರಿದ ಹಲಗೆಗಳಿಗೆ ರಾಳ ತುಂಬಿ, ಬಟ್ಟೆ ಅಂಟಿಸಿ, ಒಣಗಿದ ಮೇಲೆ ಉಜ್ಜುತ್ತಾ ಕೂರುತ್ತಿದ್ದ. ರೆಪ್ಪೆಯ ಕೂದಲಲ್ಲೂ ಬಿಳಿ ಪುಡಿ. ದಿನಕ್ಕೆ ಎರಡು ಮಾತು ಆಡುತ್ತಿದ್ದ, ಒಂದು "ಆಗಲಿ", ಇನ್ನೊಂದು "ನೋಡೋಣ". ಒಳ್ಳೆಯ ಮನುಷ್ಯ. ಅವನ ಒಳ್ಳೆಯತನದಿಂದ ಅವಳ ಒಂದು ಬಕೆಟ್ಟೂ ಹಗುರಾಗಲಿಲ್ಲ ಎನ್ನುವುದು ಬೇರೆ ಮಾತು.

ಇಷ್ಟೆಲ್ಲ ದಣಿವನ್ನು ಅವಳು ಹೇಗೋ ಹೊತ್ತುಕೊಂಡು ಹೋಗುತ್ತಿದ್ದಳು. ಹೊರಲಾಗದೆ ಇದ್ದದ್ದು ಒಂದೇ, ತಂಗಿ ಹೇಳಿದ ಒಂದು ಮಾತು.

ಅವರ ತಾಯಿ ಇದ್ದದ್ದು ತಂಗಿಯ ಮನೆಯಲ್ಲಿ, ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ. ಎರಡು ವರ್ಷದ ಹಿಂದೆ ಒಂದು ಗುರುವಾರ ತಂಗಿಯ ಫೋನು ಬಂತು. "ಅಮ್ಮನಿಗೆ ಹುಷಾರಿಲ್ಲ, ಬಾ." ಆ ವಾರ ಊರಿನಲ್ಲಿ ಅಲೆ ಸವಾರರ ಸ್ಪರ್ಧೆ, ಲಾಡ್ಜಿನ ತಾರಸಿಯ ಮೇಲೂ ಜನ ಮಲಗಿದ್ದರು, ಒಗೆಯುವ ಹೆಂಗಸು ಜ್ವರ ಬಂದು ಮನೆಯಲ್ಲಿದ್ದಳು. "ಭಾನುವಾರ ಎಲ್ಲಾ ಖಾಲಿ ಆಗ್ತಾರೆ ಕಣೇ. ಸೋಮವಾರ ಬೆಳಿಗ್ಗೆ ಅಲ್ಲಿರ್ತೀನಿ," ಎಂದಳು ಇವಳು. ಶನಿವಾರ ಮಧ್ಯಾಹ್ನ ತಾಯಿ ತೀರಿಕೊಂಡಳು.

ಅವಳು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಂಚದ ಮೇಲಿನ ಹಾಸಿಗೆಯನ್ನೂ ಸುತ್ತಿಟ್ಟಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಕೇಳಿದಳು, "ಅಮ್ಮ ನನ್ನ ಕೇಳಿದ್ಲಾ?" ತಂಗಿ ಪಾತ್ರೆ ತಿಕ್ಕುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಇಲ್ಲ. ಒಂದ್ಸಲಾನೂ ಇಲ್ಲ," ಎಂದಳು. ಆಮೇಲೆ ಇನ್ನೊಂದು ಮಾತನ್ನೂ ಸೇರಿಸಿದಳು, "ನಿಂಗೇನು ಬಿಡು, ಜನ ರಜಾ ಹಾಕಿ ಬರೋ ಊರಲ್ಲಿ ಆರಾಮಾಗಿದ್ದೀಯ."

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ವಾದಿಸುವ ಹೊತ್ತು ಅದಾಗಿರಲಿಲ್ಲ. ಅವಳು ಮರುದಿನವೇ ವಾಪಸು ಬಂದು ಬಕೆಟ್ಟು ಹಿಡಿದಳು. ಆದರೆ ಎರಡು ವರ್ಷ ಒಂದೊಂದು ಕೋಣೆ ಒರೆಸುವಾಗಲೂ ಆ "ಒಂದ್ಸಲಾನೂ ಇಲ್ಲ" ನೆಲದ ಮೇಲೆ ಎದ್ದು ಕೂರುತ್ತಿತ್ತು. ಹೆತ್ತವಳು ಸಾಯುವಾಗ ತನ್ನನ್ನು ಮರೆತೇಬಿಟ್ಟಳೇ? ಅಥವಾ ಕೋಪದಿಂದ ಕೇಳಲಿಲ್ಲವೇ? ಮರೆತದ್ದಾದರೆ ಸಂಕಟ, ಕೋಪವಾದರೆ ಅದಕ್ಕಿಂತ ಸಂಕಟ. ಫೋನಿನಲ್ಲಿ ಕೇಳುವ ಮಾತಲ್ಲ. ಅಕ್ಕತಂಗಿಯರ ನಡುವೆ ಫೋನು ಎಂದರೆ "ಹೇಗಿದ್ದೀಯ, ಚೆನ್ನಾಗಿದ್ದೀನಿ" ಎನ್ನುವಷ್ಟಕ್ಕೆ ಬಂದು ನಿಂತಿತ್ತು.

ಹೀಗಿರುವಾಗ ತಂಗಿಯೇ ಒಂದು ದಿನ ಫೋನು ಮಾಡಿದಳು. "ಮುಂದಿನ ಬುಧವಾರ ಬರ್ತೀನಿ. ಬೆಳಿಗ್ಗೆ ಬಂದು ಸಂಜೆ ಐದರ ಬಸ್ಸಿಗೆ ಹೊರಡ್ತೀನಿ. ನೀನಿರೋ ಊರು ಹೇಗಿದೆ ಅಂತ ನೋಡ್ಬೇಕು." ದನಿಯಲ್ಲಿ ಬೆಲ್ಲವೇನೂ ಇರಲಿಲ್ಲ.

ಪಟ್ಟಿ ಅಕ್ಕ ಮಾಲೀಕನ ಹತ್ತಿರ ಒಂದು ದಿನದ ರಜೆ ಕೇಳಿದಳು. ಅಲೆ ಇಲ್ಲದ ತಿಂಗಳು, ಮೂರೇ ಕೋಣೆ ತುಂಬಿದ್ದವು. ಆದರೂ ಮಾಲೀಕ, ಕಿಡ್ನಿ ಕೇಳಿದಳೇನೋ ಎನ್ನುವ ಮುಖ ಮಾಡಿ, ಕೊನೆಗೆ "ಹೂಂ" ಎಂದ. ಅವಳು ಆಗಲೇ ಮನಸ್ಸಿನಲ್ಲಿ ಎಲ್ಲ ಗೊತ್ತುಮಾಡಿಕೊಂಡಿದ್ದಳು. ತಂಗಿಯನ್ನು ಲೈಟ್‌ಹೌಸಿಗೆ ಕರೆದುಕೊಂಡು ಹೋಗುವುದು. ಅಷ್ಟು ಎತ್ತರದಲ್ಲಿ, ಅಷ್ಟು ಗಾಳಿಯಲ್ಲಿ, ಕೇಳಬೇಕಾದ್ದನ್ನು ಇನ್ನೊಂದು ಸಲ ಕೇಳುವುದು. ಮನೆಯಲ್ಲಿ ಕೇಳಿದರೆ ಇಬ್ಬರಲ್ಲಿ ಒಬ್ಬರು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಬುಧವಾರ ತಂಗಿ ಬಂದಳು. ಸ್ವಲ್ಪ ತೆಳ್ಳಗಾಗಿದ್ದಳು, ಕಿವಿಯ ಹಿಂದೆ ನರೆ ಬಂದಿತ್ತು. ಭಾವನಾದವನು ಶೆಡ್ಡಿನಿಂದ ಹೊರಗೆ ಬಂದು "ಬಾಮ್ಮ" ಎಂದು, ಕೈಯ ಪುಡಿ ನೋಡಿಕೊಂಡು, ಮತ್ತೆ ಶೆಡ್ಡಿಗೆ ನುಗ್ಗಿದ. ತಂಗಿ ಎರಡು ಕೋಣೆಯ ಮನೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿದಳು. ಗೋಡೆಗೆ ಒರಗಿಸಿದ ಮುರುಕು ಹಲಗೆಗಳು, ರಾಳದ ವಾಸನೆ, ಕಿಟಕಿಯಾಚೆ ಲಾಡ್ಜಿನ ಒಣಹಾಕಿದ ಟವೆಲ್ಲುಗಳು. ಇಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ.

"ಸರಿ, ತೋರಿಸು ನಿನ್ನ ಸ್ವರ್ಗಾನ," ಎಂದಳು ಊಟವಾದ ಮೇಲೆ.

ಇಬ್ಬರೂ ಹೊರಟರು. ಅಕ್ಕ ಮುಂದೆ, ತಂಗಿ ಹಿಂದೆ. ಬಟ್ಟೆ ಅಂಗಡಿಯ ಪಕ್ಕದ ಓಣಿ ಹಿಡಿದರೆ ಲೈಟ್‌ಹೌಸಿನ ದಾರಿ ಎಂದು ಅವಳು ಸಾವಿರ ಜನರಿಗೆ ಹೇಳಿದ್ದಳು. ಬಟ್ಟೆ ಅಂಗಡಿಯ ಜಾಗದಲ್ಲಿ ಈಗ ಯಾರೋ ಚಾಪೆ ಹಾಸಿ ಧ್ಯಾನಕ್ಕೆ ಕಣ್ಣು ಮುಚ್ಚಿ ಕೂತಿದ್ದರು. ಓಣಿ ಹೋಗಿ ಹೋಗಿ ಒಂದು ಹಸಿರು ಗೋಡೆಗೆ ಮುಗಿಯಿತು. ತಿರುಗಿ ಬಂದು ಇನ್ನೊಂದು ಓಣಿ ಹಿಡಿದರು, ಅದು ಯಾರದೋ ಹಿತ್ತಲಿಗೆ ಹೋಯಿತು. ಕೊನೆಗೆ ಹಲಗೆ ಹೊತ್ತುಕೊಂಡು ಒದ್ದೆ ಮೈಯಲ್ಲಿ ಬರುತ್ತಿದ್ದ ಒಬ್ಬ ಪ್ರವಾಸಿ, ಬಂದು ಮೂರು ದಿನವೂ ಆಗಿರದವನು, ಕೈ ತೋರಿಸಿ ದಾರಿ ಹೇಳಿದ. ಪಟ್ಟಿ ಅಕ್ಕನ ಕಿವಿ ಕೆಂಪಗಾಯಿತು.

ಗುಡ್ಡ ಹತ್ತಿ ನಿಂತಾಗ ಲೈಟ್‌ಹೌಸು ಎದುರಿಗಿತ್ತು, ಸುಣ್ಣ ಉದುರಿದ ಬಿಳಿ ಗೋಪುರ. ಸುತ್ತಲೂ ಕಬ್ಬಿಣದ ಬೇಲಿ, ಅದರ ಗೇಟಿಗೆ ಬಳ್ಳಿ ಹಬ್ಬಿತ್ತು. ಬಳ್ಳಿಯ ಮಧ್ಯೆ ಒಂದು ಫಲಕ: ಮೆಟ್ಟಿಲು ಶಿಥಿಲವಾಗಿವೆ, ಪ್ರವೇಶವಿಲ್ಲ. ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾವಲುಗಾರ ಕೂತಿದ್ದ.

"ಯಾವಾಗ ತೆಗೀತೀರಪ್ಪ?" ಎಂದಳು ಪಟ್ಟಿ ಅಕ್ಕ.

"ತೆಗೆಯಲ್ಲಮ್ಮ. ಮುಚ್ಚಿ ನಾಲ್ಕು ವರ್ಷ ಆಯ್ತು."

"ನಾಲ್ಕು ವರ್ಷನಾ? ನಾನು ನಿನ್ನೆ ತಾನೆ ಇಬ್ಬರನ್ನ ಕಳಿಸಿದ್ದೀನಿ!"

ಕಾವಲುಗಾರ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಓಹೋ, ಆ ಲಾಡ್ಜಿನವರು ನೀವೇನಾ! ಇನ್ನೂರ ಹನ್ನೆರಡು ಮೆಟ್ಟಿಲು ಅಂತ ಹೇಳ್ಕೊಂಡು ಬರ್ತಾರೆ, ಹತ್ತರಲ್ಲಿ ಒಬ್ಬರು. ಉಳಿದವರು ಜೋಲಿಯಿಂದ ಏಳ್ತಾರೇನಮ್ಮ? ಬಂದವರು ಗೇಟು ನೋಡಿ, ಒಂದು ಫೋಟೋ ತೆಗೆದು ಹೋಗ್ತಾರೆ."

ಅವಳು ಗೇಟಿನ ಕಂಬಿ ಹಿಡಿದುಕೊಂಡಳು. ಕೋಣೆ ಬಿಟ್ಟು ಹೋಗುವಾಗ ಎಲ್ಲರನ್ನೂ ಅವಳು ಕೇಳುತ್ತಿದ್ದಳು, ಲೈಟ್‌ಹೌಸು ನೋಡಿದ್ರಾ? ಎಲ್ಲರೂ ಹೇಳುತ್ತಿದ್ದರು, ತುಂಬಾ ಚೆನ್ನಾಗಿತ್ತು. ನಿಂತು ನಿಂತು ಬಳಲಿದ ಹೆಂಗಸಿಗೆ ಬೇಜಾರು ಮಾಡುವುದೇಕೆ ಎಂದು ಹಾಗೆ ಹೇಳಿದ್ದರೋ, ಬಸ್ಸಿಗೆ ಹೊತ್ತಾಯಿತೆಂದು ಹೇಳಿದ್ದರೋ. ಅಂತೂ ನಾಲ್ಕು ವರ್ಷ ಊರಿಗೆಲ್ಲ ಗೊತ್ತಿದ್ದದ್ದು ಅವಳೊಬ್ಬಳಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೊದಲು ನಕ್ಕವಳು ತಂಗಿ. ಸಣ್ಣಗೆ ಶುರುವಾದ ನಗು ಹೊಟ್ಟೆ ಹಿಡಿದುಕೊಳ್ಳುವಷ್ಟಾಯಿತು. ಅಕ್ಕನಿಗೆ ಸಿಟ್ಟು ಬಂತು. ಕಣ್ಣೆತ್ತಿ ನೋಡಿದರೆ ತಂಗಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಅಕ್ಕ, ನೀನು ಇಲ್ಲಿಗೆ ಬಂದೇ ಇಲ್ವಾ? ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲಾನೂ?"

"ಬರ್ಬೇಕು ಅಂತಾನೇ ಇದ್ದೆ ಕಣೇ. ಆಗ್ಲಿಲ್ಲ."

"ದೋಣಿ?"

"ಇಲ್ಲ."

"ದಂಡೆಗಾದ್ರೂ ಹೋಗ್ತೀಯ ತಾನೇ?"

"ಹೋಗಿದ್ದೆ. ಯಾರದೋ ಮಗು ಕಳೆದುಹೋಗಿತ್ತು, ಹುಡುಕೋಕೆ."

ಗೇಟಿನ ಪಕ್ಕ ಮೊಣಕಾಲೆತ್ತರದ ಕಲ್ಲುಕಟ್ಟೆ ಇತ್ತು. ತಂಗಿ ಅಕ್ಕನ ಕೈ ಹಿಡಿದು ಅಲ್ಲಿ ಕೂರಿಸಿದಳು. ಕೆಳಗೆ ಒಂದು ದಂಡೆ ಮಾತ್ರ ಕಾಣುತ್ತಿತ್ತು, ಗಾಳಿಯೂ ಹೇಳಿಕೊಳ್ಳುವಂಥದ್ದಿರಲಿಲ್ಲ. ಕೇಳಬೇಕೆಂದುಕೊಂಡ ಮಾತು ಅಕ್ಕನ ಬಾಯಿಗೆ ಬರಲಿಲ್ಲ. ಅಷ್ಟು ನಾಚಿಕೆಯಾದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳುವುದು ಎಂದು ಸುಮ್ಮನೆ ಪಾದ ನೋಡಿಕೊಂಡು ಕೂತಳು. ತಂಗಿಯೇ ಬಾಯಿಬಿಟ್ಟಳು.

"ಅಮ್ಮ ಹೇಳಿದ್ಲು. ನಾನೇ ನಂಬಲಿಲ್ಲ."

"ಏನಂತ?"

"ನೀನು ಸೋಮವಾರ ಬರ್ತೀನಿ ಅಂದೆಯಲ್ಲ, ನಾನು ಉರಿದುಬಿದ್ದೆ. ಸಮುದ್ರ ನೋಡ್ಕೊಂಡು ಕೂತಿದ್ದಾಳೆ ನಿನ್ನ ದೊಡ್ಡ ಮಗಳು, ಅವಳಿಗೆ ನೀನು ಯಾಕೆ ಬೇಕು ಅಂದೆ. ಅಮ್ಮ ಏನಂದ್ಲು ಗೊತ್ತಾ? ಸುಮ್ನಿರೇ, ಅವಳು ಸಮುದ್ರಾನೂ ನೋಡಿರಲ್ಲ. ನನ್ನ ಮಗಳು ನನಗೆ ಗೊತ್ತಿಲ್ವಾ, ಇದ್ದಲ್ಲೆಲ್ಲ ದುಡಿಯೋಳು, ಕಾಲು ಬಾತಿರುತ್ತೆ ಅವಳಿಗೆ, ಅಂದ್ಲು."

ಪಟ್ಟಿ ಅಕ್ಕ ಪಾದಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು.

"ಅವಳು ನಿನ್ನ ಕೇಳಲಿಲ್ಲ ಅಂದೆನಲ್ಲ, ಅದು ಸುಳ್ಳು. ಎರಡು ದಿನ ಬಾಗಿಲು ಸದ್ದಾದಾಗಲೆಲ್ಲ ದೊಡ್ಡವಳು ಬಂದ್ಲಾ ಅಂದ್ಲು. ಹಾಲಿನವನು ಬಂದ್ರೂ ದೊಡ್ಡವಳು ಬಂದ್ಲಾ. ಹಾಸಿಗೆ ಹಿಡಿದವಳನ್ನ ಐದು ವರ್ಷ ಎತ್ತಿ ಇಳಿಸಿದವಳು ನಾನು. ನನ್ನ ಕೈಲಿ ಗಂಜಿ ಕುಡೀತಾ ನಿನ್ನ ಕಾಲಿನ ಬಗ್ಗೆ ಮಾತಾಡ್ತಿದ್ಲು. ಹೊಟ್ಟೆ ಉರೀತು ಅಕ್ಕ. ಅದಕ್ಕೇ ಹಾಗಂದೆ. ಅಂದ ಮೇಲೆ ವಾಪಸ್ ತಗೊಳ್ಳೋಕೆ ಬರಲಿಲ್ಲ."

ಎರಡು ವರ್ಷ ತನ್ನನ್ನು ಅರೆದ ಮಾತು ಸುಳ್ಳೆಂದು ಗೊತ್ತಾದಾಗ ಅಕ್ಕನಿಗೆ ತಂಗಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿದ್ದು ನಿಜ. ಅವಳ ಕೈಯಲ್ಲಿ ಬಾರಿಸುವ ಶಕ್ತಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಐದು ವರ್ಷ ಎತ್ತಿ ಇಳಿಸಿದವಳ ತೋಳು ಎಷ್ಟು ನೊಂದಿರಬೇಕು ಎಂಬುದನ್ನು ಹಾಸಿಗೆ ಎತ್ತಿ ಎತ್ತಿ ಬಲ್ಲವಳು ಅವಳು.

"ಇನ್ನೊಂದ್ಸಲ ಹೇಳು," ಎಂದಳು.

"ಏನು?"

"ಬಾಗಿಲು ಸದ್ದಾದಾಗ ಏನಂದ್ಲು?"

"ದೊಡ್ಡವಳು ಬಂದ್ಲಾ."

"ಅಮ್ಮ ಹೇಳೋ ಹಾಗೆ ಹೇಳು."

ತಂಗಿ ತಾಯಿಯ ದನಿಯಲ್ಲಿ, ಕೊನೆಯ ಅಕ್ಷರವನ್ನು ಎಳೆದು, ಹೇಳಿದಳು. ಪಟ್ಟಿ ಅಕ್ಕ ಕಟ್ಟೆಯ ಮೇಲೆ ಕಾಲು ಮಡಿಸಿಕೊಂಡು ತಂಗಿಯ ತೊಡೆಯ ಮೇಲೆ ತಲೆ ಇಟ್ಟಳು. ಮೂರನೆಯ ಸಲ ಹೇಳು ಎಂದು ಕೇಳಿದ್ದು ಅರ್ಧಕ್ಕೇ ನಿಂತಿತು. ಹಾಡುಹಗಲು, ಕಾವಲುಗಾರನ ಎದುರಿಗೇ, ಅವಳಿಗೆ ನಿದ್ದೆ ಬಂದುಬಿಟ್ಟಿತ್ತು.

ತಂಗಿ ಅವಳ ಚಪ್ಪಲಿ ಬಿಚ್ಚಿ ಕೆಳಗಿಟ್ಟಳು. ಪಾದ ನಿಜವಾಗಿಯೂ ಬಾತಿತ್ತು. ಐದಕ್ಕೆ ಕೆಳಗಿನ ರಸ್ತೆಯಲ್ಲಿ ತಂಗಿ ಹತ್ತಬೇಕಿದ್ದ ಬಸ್ಸು ಬಂದು, ಎರಡು ಸಲ ಹಾರ್ನ್ ಮಾಡಿ, ಹೊರಟುಹೋಯಿತು. ತಂಗಿಯ ತೊಡೆ ಜೋಮು ಹಿಡಿದಿತ್ತು, ಆದರೂ ಅವಳು ಅಲುಗಾಡಲಿಲ್ಲ. ಕಾವಲುಗಾರ ಏನೋ ಕೇಳಲು ಎದ್ದು ಬಂದಾಗ, ಸದ್ದು ಮಾಡಬೇಡ ಎಂದು ಕೈಸನ್ನೆ ಮಾಡಿದಳು.