ಮಾಸ್ಕೋದಲ್ಲಿ ಬಿಟ್ಟುಬಂದ ಮಫ್ಲರ್

ಕಳೆದ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಸತ್ತಿದ್ದಾರೆಂದು ನಾನು ಕೈಮುಗಿದ ಮನುಷ್ಯರೊಬ್ಬರು ಎದ್ದುಬಂದು ನನಗೆ ಲೆನಿನ್‌ಗ್ರಾಡಿನ ರೈಲಿನ ಬಗ್ಗೆ ಹೇಳಿಕೊಟ್ಟರು.

ನಗಬೇಡಿ. ಪೂರ್ತಿ ಕೇಳಿ.

ನಾನು ರಷ್ಯಾಕ್ಕೆ ಹೊರಟಿರುವುದು ನಮ್ಮ ಆರ್.ಟಿ. ನಗರದ ಹಾಲಿನ ಬೂತಿನವನಿಗೂ ಗೊತ್ತು. ಎಂಟು ದಿನ. ಮಾಸ್ಕೋದಲ್ಲಿ ನಾಲ್ಕು, ಲೆನಿನ್‌ಗ್ರಾಡಿನಲ್ಲಿ ಮೂರು, ಓಡಾಟಕ್ಕೆ ಒಂದು. ಡೆಲಿಗೇಷನ್ ಇಲ್ಲ, ಗ್ರೂಪ್ ಇಲ್ಲ, ಭಾಷಣ ಇಲ್ಲ. ನನ್ನ ರಜೆ, ನನ್ನ ಕಾಲು, ನನ್ನಿಷ್ಟ.

ಆದರೆ ಆ ದೇಶಕ್ಕೆ ಒಬ್ಬನೇ ಹೋಗುವುದೆಂದರೆ ಮಾವನ ಮನೆಗೆ ಹೋದಷ್ಟು ಸಲೀಸಲ್ಲ. ಯಾವ ದಿನ ಯಾವ ಊರು, ಯಾವ ಹೋಟೆಲು, ಎಲ್ಲ ಮೊದಲೇ ಬರೆದು ಕಳಿಸಬೇಕು. ಅಲ್ಲಿಂದ ಒಪ್ಪಿಗೆಯ ಪೇಪರ್ ಬಂದ ಮೇಲೇ ವೀಸಾ. ನನ್ನ ಪೇಪರ್ ಬಂದಿಲ್ಲ. ದೆಹಲಿಯ ಏಜೆಂಟ್ ಮಾತ್ರ ಟ್ರಂಕ್ ಕಾಲ್ ಮಾಡಿದಾಗಲೆಲ್ಲ ಒಂದೇ ರಾಗ: ನೀವು ದೆಹಲಿಗೆ ಬನ್ನಿ, ಇಲ್ಲೇ ಕೈಗೆ ಕೊಡ್ತೀವಿ.

ಆಗ ನಮ್ಮ ಆಫೀಸಿನ ಗೋಪಿ ಹೇಳಿದ. “ಜಾಲಹಳ್ಳೀಲಿ ನಾಗೇಶರಾಯರು ಅಂತ ಇದಾರೆ ಗುರು. ಕಾರ್ಖಾನೇಲಿ ಡ್ರಾಫ್ಟ್ಸ್‌ಮನ್ ಆಗಿದ್ದೋರು. ಎಂಟೊಂಬತ್ತು ವರ್ಷದ ಹಿಂದೇನೇ ಒಬ್ಬರೇ ಮಾಸ್ಕೋ ನೋಡ್ಕೊಂಡ್ ಬಂದಿದಾರೆ. ಹೋಗಿ ಕೇಳು.”

ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ ಸುಶೀಲಮ್ಮ. ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲಿ ರಾಯರ ದೊಡ್ಡ ಫೋಟೋ. ಕೋಟು, ಕಂದು ಮಫ್ಲರ್. ಕೆಳಗೆ ಬಿಳಿ ಅಕ್ಷರದಲ್ಲಿ ಹೆಸರು. ಫ್ರೇಮಿನ ಮೇಲೆ ಗಂಧದ ಹಾರ.

ಅಯ್ಯೋ ದೇವರೇ, ತಡವಾಗಿ ಬಂದೆನಲ್ಲ! ಫೋಟೋಗೆ ಕೈಮುಗಿದು, “ನಮಗೆ ಗೊತ್ತೇ ಆಗ್ಲಿಲ್ಲಮ್ಮಾ” ಅಂದೆ. (ಆಕೆಯ ಹಣೆಯಲ್ಲಿ ಕಾಸಗಲದ ಕುಂಕುಮವಿತ್ತು. ಅದನ್ನು ನೋಡುವ ಬುದ್ಧಿ ಬೇಡವೇ ನನಗೆ?)

“ಯಾರು ಬಂದಿರೋದು, ಸುಶೀಲಾ?” ಎನ್ನುತ್ತ ಫೋಟೋದಲ್ಲಿದ್ದ ಮನುಷ್ಯರೇ ಒಳಗಿನಿಂದ ನಡೆದುಬಂದರು. ಮಾರ್ಚ್ ತಿಂಗಳ ಬಿಸಿಲಲ್ಲಿ, ಮೈಮೇಲೆ ಉಣ್ಣೆಯ ಸ್ವೆಟರ್.

ಅವರ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಕೆಟ್ಟಿದೆಯೇ? ಇಲ್ಲ, ಟಿಕ್ ಟಿಕ್ ಅನ್ನುತ್ತಿದೆ.

“ಅದು ಅಲ್ಲಿನ ಟೈಮು,” ಎಂದರು ರಾಯರು. “ಒಂದ್ಸಲ ಅಭ್ಯಾಸ ಆದ್ರೆ ಬಿಡಲ್ಲ ನೋಡಿ. ಊಟಾನೂ ಅದೇ ಟೈಮಿಗೆ.”

ನಾನು ಮ್ಯಾಪು ಬಿಚ್ಚಿದೆ. ಅವರು ಅದನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು. ನೆಲದೊಳಗಿನ ರೈಲಿಗೆ ಇಳಿಯುವ ಓಡುವ ಮೆಟ್ಟಿಲು ಎಷ್ಟು ಉದ್ದವೆಂದರೆ ಕೆಳಗಿನ ತುದಿಯೇ ಕಾಣುವುದಿಲ್ಲವಂತೆ. ಹೋಟೆಲಿಗೆ ಊಟಕ್ಕೆ ಹೋದರೆ ಮೊದಲು ಕೋಟು ಬಿಚ್ಚಿಕೊಡಬೇಕಂತೆ. ಲೆನಿನ್‌ಗ್ರಾಡಿನ ರೈಲಿನಲ್ಲಿ ಹಾಲಿಲ್ಲದ ಚಹಾ, ಗಾಜಿನ ಲೋಟಕ್ಕೆ ಲೋಹದ ಹಿಡಿ. ಹೋಟೆಲಿನ ಪ್ರತಿ ಮಹಡಿಯಲ್ಲೂ ಬೀಗದಕೈ ಕಾಯುವ ಒಬ್ಬ ಅಜ್ಜಿ.

ನಾನು ಗೀಚಿದ್ದೇ ಗೀಚಿದ್ದು. ಇಂಥ ಗೈಡ್ ಎಲ್ಲಿ ಸಿಗುತ್ತಾರೆ ಹೇಳಿ?

ಹೊರಡುವಾಗ ರಾಯರು ನನ್ನ ಕೈ ಹಿಡಿದರು. ಅಷ್ಟು ಸೆಕೆಯಲ್ಲೂ ಆ ಕೈ ತಣ್ಣಗಿತ್ತು. “ಮೂರನೇ ಮಹಡಿ ಅಜ್ಜಿ ಹತ್ರ ನನ್ನ ಮಫ್ಲರ್ ಉಳಿದುಹೋಗಿದೆ. ನನ್ನ ಹೆಸರು ಹೇಳಿ, ಕೊಡ್ತಾಳೆ. ಮರೀಬೇಡಿ.”

ಖಂಡಿತ ತರುತ್ತೇನೆಂದೆ. ಸುಶೀಲಮ್ಮ ಗೇಟಿನವರೆಗೂ ಬಂದರು. ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದರು.

“ತಪ್ಪು ತಿಳ್ಕೋಬೇಡಿ. ಇವರು ದೆಹಲಿ ದಾಟ್ಲೇ ಇಲ್ಲ.”

ನನಗೆ ತಲೆಬುಡ ತಿಳಿಯಲಿಲ್ಲ.

“ದೆಹಲಿಗೆ ಹೋದ್ಮೇಲೂ ಪೇಪರ್ ಬರ್ಲಿಲ್ಲ ಕಣ್ರೀ. ಬೀದಿಯೋರೆಲ್ಲ ಆ ಗಂಧದ ಹಾರ ಹಾಕಿ, ಫೋಟೋ ತೆಗೆಸಿ ಕಳಿಸಿದ್ರಲ್ಲ, ಯಾವ ಮುಖ ಇಟ್ಕೊಂಡ್ ವಾಪಸ್ ಬರೋದು? ಎಂಟು ದಿನ ದೆಹಲೀಲೇ ಒಂದು ರೂಮಲ್ಲಿ ಕೂತು ಮಾಸ್ಕೋ ಬಗ್ಗೆ ಪುಸ್ತಕ ಓದಿದ್ರು. ಬಂದ್ಮೇಲೆ ಎಲ್ರೂ ಕೇಳಿದ್ರು, ಇವರು ಹೇಳಿದ್ರು. ಮೊದಮೊದಲು ನನ್ನ ಮುಖ ನೋಡೋಕೆ ನಾಚ್ಕೋತಿದ್ರು. ಈಗ ನನಗೂ ಅದನ್ನೇ ಹೇಳ್ತಾರೆ.”

“ಮತ್ತೆ ಮಫ್ಲರ್?”

“ನಾನೇ ಹೆಣೆದಿದ್ದು. ಹೋಗುವಾಗ ಕತ್ತಲ್ಲಿತ್ತು, ಬರುವಾಗ ಇರ್ಲಿಲ್ಲ. ಎಲ್ಲಿ ಹೋಯ್ತೋ, ಅದೊಂದು ನನಗೂ ಗೊತ್ತಿಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡರು. “ನೀವು ನಿಜವಾಗ್ಲೂ ಹೋಗಿ ಬಂದ್ರೆ ಈ ಕಡೆ ಬರ್ಬೇಡಿ. ಅಲ್ಲಿ ಹಂಗಿಲ್ಲ ಅಂತ ನೀವಂದ್ಬಿಟ್ರೆ ಇವರು ಉಳಿಯಲ್ಲ.”

ಯಶವಂತಪುರದಲ್ಲಿ ಬಸ್ಸು ಬದಲಿಸುವಾಗಲೂ ಸುಶೀಲಮ್ಮನ ಮಾತೇ ಕಿವಿಯಲ್ಲಿತ್ತು. ಹೌದು, ಹೆದರಿದ್ದೆ. ಯಾಕೆಂದರೆ ಗುರುವಾರ ಆಫೀಸಿನಲ್ಲಿ ನನ್ನ ಬೀಳ್ಕೊಡುಗೆ ಇತ್ತು. ಪೇಪರ್ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆಯೇ ಗೋಪಿಯನ್ನು ಹಿಡಿದುಕೊಂಡೆ. “ಪೇಪರ್ ಬರೋವರೆಗೂ ಮುಂದಕ್ಕೆ ಹಾಕೋ, ಮಾರಾಯ.”

“ಹಾರ ತಂದಾಯ್ತು ಗುರು! ಫೋಟೋದವನಿಗೂ ಹೇಳಾಗಿದೆ. ಪೇಪರ್ ಎಲ್ಲೋಗುತ್ತೆ, ಬರುತ್ತೆ ಬಿಡು.”

ಇದು ನಮ್ಮ ಕಾಯಿಲೆ. ರಿಸಲ್ಟಿಗೆ ಮೊದಲೇ ಪೇಡಾ ಹಂಚುವವರು ನಾವು. ಹೊರಟವನ ವೀಸಾ ಯಾರಿಗೆ ಬೇಕು? ಕೊರಳು ಸಿಕ್ಕರೆ ಸಾಕು. ಒಮ್ಮೆ ಹಾರ ಬಿತ್ತೋ, ಆಮೇಲೆ ‘ಹೋಗಲಿಲ್ಲ’ ಎನ್ನುವ ಒಂದು ಪದ ಬಾಯಿಂದ ಹೊರಡಿಸುವುದು ಹೆಣಭಾರ. ಹಾಕಿದವರದ್ದು ಬರೀ ಪ್ರೀತಿ. ಬೇಡ ಎನ್ನುವುದು ಹೇಗೆ?

ಗುರುವಾರ ನಾನೂ ಕೊರಳೊಡ್ಡಿದೆ. ಗಂಧದ ಹಾರ. ಫೋಟೋದವನು “ಅಲ್ಲಾಡ್ಬೇಡಿ ಸಾರ್” ಅಂದ. ನಾನು ಅಲ್ಲಾಡಲಿಲ್ಲ.

ಮನೆಗೆ ಬಂದಾಗ ಸಂಜೆ ಏಳು. ನನ್ನವಳು ಗೋಡೆ ನೋಡುತ್ತ, “ಫೋಟೋ ಬಂದ್ಮೇಲೆ ಎಲ್ಲಿ ಹಾಕೋಣ?” ಎಂದಳು. ಉತ್ತರಿಸಲು ಬಾಯಿ ತೆರೆದೆ. ಹೊರಬಂದದ್ದು ಬೇರೆಯೇ ಮಾತು: “ಅಲ್ಲಿ ಈಗ ನಾಲ್ಕೂವರೆ.”

ನನ್ನನ್ನು ಯಾರೂ ಟೈಮು ಕೇಳಿರಲಿಲ್ಲ.

ನಾಳೆ ದೆಹಲಿಯ ರೈಲು. ಪೇಪರ್ ಇನ್ನೂ ಬಂದಿಲ್ಲ. ತಿಂಗಳು ಕಳೆದ ಮೇಲೆ ‘ಮಾಸ್ಕೋ ಹೇಗಿತ್ತು?’ ಎಂದು ನೀವು ಕೇಳಿಯೇ ಕೇಳುತ್ತೀರಿ. ತುದಿ ಕಾಣದ ಮೆಟ್ಟಿಲು, ಹಾಲಿಲ್ಲದ ಚಹಾ, ಮೂರನೇ ಮಹಡಿಯ ಅಜ್ಜಿ... ಹೀಗೆ ನಾನು ಶುರುಹಚ್ಚಿಕೊಂಡರೆ, ದಯವಿಟ್ಟು ಯಾರಾದರೂ ಒಬ್ಬರು ‘ಎಲ್ಲಿ, ಪಾಸ್‌ಪೋರ್ಟ್ ತೋರಿಸು’ ಎನ್ನುತ್ತೀರಾ?